ನಾಲ್ಕು ವರ್ಷದ ಅವಳಿ ಮಕ್ಕಳು, ಒಂದೇ ರೂಮು. ಎಂಥ ಮಂಚ ತರೋಣ?

ಮೈಸೂರಿನ ಅವಳಿ ಅಮ್ಮ:

ನಮಸ್ಕಾರ. ನಮಗೆ ಅವಳಿ ಹೆಣ್ಣುಮಕ್ಕಳು, ಮೊನ್ನೆ ನಾಲ್ಕು ತುಂಬಿತು. ಇಲ್ಲಿ ಪುಟ್ಟಿ, ಚಿನ್ನಿ ಅಂದುಕೊಳ್ಳಿ. ಈಗ ನಾಲ್ಕೂ ಜನ ನೆಲದ ಮೇಲೆ ಎರಡು ಹಾಸಿಗೆ ಜೋಡಿಸಿ ಮಲಗುತ್ತೇವೆ. ಪುಟ್ಟಿ ನಿದ್ದೆಯಲ್ಲಿ ಗಡಿಯಾರದ ಮುಳ್ಳಿನ ಹಾಗೆ ಸುತ್ತುತ್ತಾಳೆ. ಬೆಳಗಿನ ಜಾವ ನೋಡಿದರೆ ಅವಳ ಹಿಮ್ಮಡಿ ಅವರಪ್ಪನ ಗಲ್ಲದ ಮೇಲೆ. ಚಿನ್ನಿ ಮಲಗಿಸಿದ ಜಾಗ ಬಿಟ್ಟು ಕದಲುವವಳಲ್ಲ, ಆದರೆ ನಿದ್ದೆ ತೀರಾ ತೆಳು. ಪುಟ್ಟಿಯ ಕಾಲು ತಾಗಿದರೆ ಸಾಕು, ಎದ್ದು ಕೂತು ರಾಗ ಶುರು. ಇಬ್ಬರೂ ಆಗಾಗ ಹಾಸಿಗೆ ಒದ್ದೆ ಮಾಡುತ್ತಾರೆ.

ಈಗ ಅವರಿಗೇ ಒಂದು ರೂಮು ಮಾಡಿಕೊಡೋಣ ಅಂತಿದ್ದೇವೆ. ಪೂರ್ವ-ಪಶ್ಚಿಮ 10 ಅಡಿ, ಉತ್ತರ-ದಕ್ಷಿಣ 11 ಅಡಿ, ಎತ್ತರ 10 ಅಡಿ. ಪೂರ್ವದ ಗೋಡೆ ನಡುವೆ ಕಿಟಕಿ. ಉತ್ತರದಲ್ಲಿ ಬಾಗಿಲು ಮತ್ತು ವಾರ್ಡ್‌ರೋಬ್. ದಕ್ಷಿಣ, ಪಶ್ಚಿಮ ಖಾಲಿ. ಫ್ಯಾನು ನಟ್ಟನಡುವೆ. ಬಾಡಿಗೆ ಮನೆ, ಗೋಡೆಗೆ ಮೊಳೆ ಹೊಡೆದರೆ ಓನರ್ ಆಂಟಿಗೆ ಅದು ಹೇಗೋ ಗೊತ್ತಾಗಿಬಿಡುತ್ತದೆ.

ನಮ್ಮೆಜಮಾನರಿಗೆ ಒಂದರ ಮೇಲೊಂದು ಮಂಚ ಇರುವ ಬಂಕ್ ಬೆಡ್ಡೇ ಆಗಬೇಕು. ಅತ್ತೆ ಹೇಳುವುದು, ಏನಾದರೂ ತನ್ನಿ, ಉತ್ತರಕ್ಕೆ ಮಾತ್ರ ತಲೆ ಬೇಡ. ನನಗೆ ಒಂದು ಡಬಲ್ ಮಂಚ ಸಾಕೋ, ಎರಡು ಸಿಂಗಲ್ ಬೇಕೋ ಅನ್ನೋದೇ ತೋಚುತ್ತಿಲ್ಲ. ಅನುಭವ ಇದ್ದವರು ಹೇಳಿ.

ಮಳೆನಾಡು:

ಮಂಚ ಯಾಕೆ ಬೇಕು? ನೆಲದಲ್ಲೇ ಇರಲಿ, ಬೀಳುವ ಭಯವೇ ಇಲ್ಲ. ಆದರೆ ಹಾಸಿಗೆಯನ್ನು ದಿನಾ ಎತ್ತಿ ನಿಲ್ಲಿಸಬೇಕು. ನಮ್ಮ ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ನಾಲ್ಕು ದಿನ ನೆಲಕ್ಕೆ ಅಂಟಿಸಿಟ್ಟರೆ ಅಡಿಯಲ್ಲಿ ಬೂಷ್ಟು. ಮೈಸೂರಿನಲ್ಲಿ ಅಷ್ಟು ಥಂಡಿ ಇಲ್ಲ, ಆದರೆ ಮಕ್ಕಳು ಒದ್ದೆ ಮಾಡುತ್ತಾರೆ ಅಂದಿರಲ್ಲ, ಅದಕ್ಕೆ ಹೇಳಿದೆ.

ಉಳಿ-ಬಾಚಿ:

ಮೇಡಂ, ದಾವಣಗೆರೆಯಲ್ಲಿ ನನ್ನದು ಮರಗೆಲಸದ ಅಂಗಡಿ. ಮಂಚ ಮಾಡಿಸಲು ಬರುವವರು ಫೋಟೋ ತರುತ್ತಾರೆ, ರೂಮಿನ ಅಳತೆ ತರುವುದಿಲ್ಲ. ನೀವು ಅಳತೆ ಕೊಟ್ಟಿದ್ದೀರಿ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಬಂಕ್ ವಿಷಯ. ಈಗ ಬೇಡ. ಆರು ವರ್ಷದೊಳಗಿನ ಮಕ್ಕಳನ್ನು ಮೇಲಿನ ಮಂಚದಲ್ಲಿ ಮಲಗಿಸಬಾರದು ಅಂತ ಅಮೆರಿಕದ ಮಕ್ಕಳ ವೈದ್ಯರ ಸಂಘವೇ ಹೇಳುತ್ತದೆ. ನಮ್ಮ ದೇಶದಲ್ಲಿ ಇದರ ಜೊತೆಗೆ ಫ್ಯಾನು ಬೇರೆ. ಸಾಮಾನ್ಯ ಫ್ಯಾನಿನ ಅಗಲ 1200 ಮಿಲಿಮೀಟರ್, ಅಂದರೆ ನಾಲ್ಕಡಿ. ನಡುವಿನಿಂದ ಎರಡಡಿ ಆಚೆಗೆ ಬೀಸುತ್ತದೆ. ನಿಮ್ಮ ರೂಮು ಹತ್ತಡಿ ಅಗಲ. ಅಂದರೆ ಪಶ್ಚಿಮದ ಗೋಡೆಯಿಂದ ಮೂರಡಿಗೇ ರೆಕ್ಕೆಯ ತುದಿ ಬಂತು. ಸಿಂಗಲ್ ಮಂಚ ಚೌಕಟ್ಟು ಸೇರಿ ಮೂರೂಕಾಲು ಅಡಿ. ರೆಕ್ಕೆ ಮಂಚದ ಅಂಚಿನ ಮೇಲೇ ಸುತ್ತುತ್ತದೆ! ಮೇಲಿನ ಹಾಸಿಗೆ ನೆಲದಿಂದ ಐದಡಿ ಇದ್ದರೆ, ನಿಮ್ಮ ಮಗು ಎದ್ದು ನಿಂತಾಗ ತಲೆ ಎಂಟಡಿ ದಾಟುತ್ತದೆ. ಕೈ ಎತ್ತಿದರೆ ಏನಾಗುತ್ತದೆ ಅಂತ ನಾನು ಬರೆಯುವುದಿಲ್ಲ. ದಕ್ಷಿಣದ ಗೋಡೆಗೆ ಹಾಕಿದರೂ ರೆಕ್ಕೆಗೂ ಮಂಚಕ್ಕೂ ನಡುವೆ ಉಳಿಯುವುದು ಮೂರೇ ಇಂಚು.

ಯಜಮಾನರಿಗೆ ಬಂಕ್ ಆಸೆ ಬಿಡಲಾಗದಿದ್ದರೆ, ಬಿಚ್ಚಿದಾಗ ಎರಡು ಸಿಂಗಲ್ ಆಗುವಂಥದ್ದು ಸಿಗುತ್ತದೆ. ಈಗ ಕೆಳಗೇ ಹಾಕಿಕೊಳ್ಳಿ. ಮುಂದೆ ಏರಿಸುವಾಗ ಫ್ಯಾನು ಗೋಡೆಗೆ ಬರಲಿ. ಮೇಲಿನ ಮಂಚಕ್ಕೆ ಎರಡೂ ಕಡೆ ತಡೆ ಬೇಕು, ಗೋಡೆ ಕಡೆಗೂ ಸೇರಿ. ಆ ತಡೆ ಹಾಸಿಗೆಯಿಂದ ಮೇಲೆ ಕನಿಷ್ಠ ಐದು ಇಂಚು ಇರಬೇಕು. ದಪ್ಪ ಹಾಸಿಗೆ ಹಾಕಿ ತಡೆಯನ್ನೇ ಮುಳುಗಿಸುವವರು ಬಹಳ. ಪಟ್ಟಿಗಳ ಸಂದು ಮೂರೂವರೆ ಇಂಚಿಗಿಂತ ಕಡಿಮೆ ಇರಲಿ, ಇಲ್ಲದಿದ್ದರೆ ಮಗುವಿನ ಮೈ ತೂರಿ ತಲೆ ಸಿಕ್ಕಿಕೊಳ್ಳಬಹುದು.

ನಿಮಗೆ ನನ್ನ ಸಲಹೆ ಎರಡು ಸಿಂಗಲ್. ಹಾಸಿಗೆ 72 ಇಂಚು ಉದ್ದ, 36 ಅಗಲ. ಮಂಚದ ಹೊರ ಅಳತೆ ಸುಮಾರು ಆರೂಕಾಲು ಅಡಿ, ಮೂರೂಕಾಲು ಅಡಿ. ನೈಋತ್ಯ ಮೂಲೆಯಲ್ಲಿ ಎಲ್ ಆಕಾರದಲ್ಲಿ ಕೂರಿಸಿ. ಒಂದು ಪಶ್ಚಿಮದ ಗೋಡೆ ಉದ್ದಕ್ಕೆ, ಮೂಲೆ ಸೇರಿಸಿ. ಇನ್ನೊಂದು ಅದಕ್ಕೆ ಒತ್ತಿ, ದಕ್ಷಿಣದ ಗೋಡೆಗೆ. ಮೂರೂಕಾಲು, ಆರೂಕಾಲು ಕೂಡಿದರೆ ಒಂಬತ್ತೂವರೆ. ಹತ್ತಡಿಯಲ್ಲಿ ಕೂರುತ್ತದೆ. ಆಡುವುದಕ್ಕೆ ನಡುವೆ ಜಾಗ ಉಳಿಯುತ್ತದೆ, ವಾರ್ಡ್‌ರೋಬ್ ಬಾಗಿಲಿಗೂ ಅಡ್ಡ ಇಲ್ಲ, ಕಿಟಕಿ ಕೆಳಗೆ ಮಂಚ ಬರುವುದಿಲ್ಲ. ಕಿಟಕಿ ಕೆಳಗೆ ಮಂಚ ಇದ್ದರೆ ಈ ವಯಸ್ಸಿನವರಿಗೆ ಅದೇ ಏಣಿ. ಹಾಸಿಗೆ ಸೇರಿ ನೆಲದಿಂದ 14 ಇಂಚು ಮೀರದಿರಲಿ. ಪುಟ್ಟಿ ಉರುಳಿದರೂ ದೊಡ್ಡ ಪೆಟ್ಟಾಗುವುದಿಲ್ಲ.

ಪಾರ್ಟಿಕಲ್ ಬೋರ್ಡ್, ಅಂದರೆ ಮರದ ಚೂರು-ಪುಡಿ ಅಂಟಿಸಿ ಒತ್ತಿದ ಹಲಗೆಯ ಮಂಚ ಬೇಡವೇ ಬೇಡ. ಒದ್ದೆಯಾದರೆ ಉಬ್ಬುತ್ತದೆ, ಆಮೇಲೆ ಸ್ಕ್ರೂ ಹಿಡಿಯುವುದಿಲ್ಲ. ರಬ್ಬರ್ ವುಡ್ ಆಗಬಹುದು, ಹುಳಕ್ಕೆ ಟ್ರೀಟ್ ಮಾಡಿದ್ದಾ ಅಂತ ಕೇಳಿ ತಗೊಳ್ಳಿ. ಬಾಡಿಗೆ ಮನೆಯವರು ನಟ್-ಬೋಲ್ಟ್ ಹಾಕಿ ಬಿಚ್ಚುವಂಥದ್ದೇ ಮಾಡಿಸಬೇಕು.

ಹುಬ್ಬಳ್ಳಿ ಅವ್ವ:

ನಮ್ಮವು ಅವಳಿ ಗಂಡುಹುಡುಗ್ರು, ಈಗ ಎರಡನೇ ಕ್ಲಾಸು. ಉಳಿ-ಬಾಚಿ ಅಣ್ಣ ಹೇಳಿದ ಎಲ್ ಆಕಾರವೇ ನಮ್ಮ ಮನೆಯಲ್ಲೂ ಇದೆ. ಆದರೆ ತಂಗಿ, ದಿಂಬು ಎಲ್ಲಿಡುತ್ತೀರಿ ಅನ್ನೋದರಲ್ಲೇ ಅರ್ಧ ನಿದ್ದೆ ಇದೆ. ಎರಡು ತಲೆ ಮೂಲೆಯಲ್ಲಿ ಕೂಡಿದವೋ, ಹತ್ತೂವರೆ ತನಕ ಗುಸುಗುಸು, ಖಿಕ್ ಖಿಕ್. ನೈಋತ್ಯ ಮೂಲೆ ಆದರೆ ನಿಮ್ಮ ಅತ್ತೆಯವರ ಮಾತೂ ನಡೆಯುತ್ತದೆ. ಪಶ್ಚಿಮದ ಮಂಚದವಳ ತಲೆ ದಕ್ಷಿಣಕ್ಕೆ, ಅಂದರೆ ಮೂಲೆಗೆ. ದಕ್ಷಿಣದ ಮಂಚದವಳ ತಲೆ ಪೂರ್ವಕ್ಕೆ, ಅಂದರೆ ಆ ಕಡೆ ಕೊನೆಗೆ. ನಡುವೆ ಒಂದು ಮಂಚದಷ್ಟು ದೂರ. ಚಿನ್ನಿಯನ್ನು ಮೂಲೆಗೆ ಹಾಕಿರಿ, ಬಾಗಿಲ ಸದ್ದಿನಿಂದ ದೂರ.

ಮಂಚ ಎರಡೂ ಒಂದೇ ನಮೂನೆ ಇರಲಿ. ಒಂದಕ್ಕೆ ಕಾರಿನ ಚಿತ್ರ, ಇನ್ನೊಂದಕ್ಕೆ ಏನೂ ಇಲ್ಲ ಅಂದರೆ ದಿನಾ ಪಂಚಾಯ್ತಿ ಮಾಡಬೇಕಾಗುತ್ತದೆ. ಹೊದಿಕೆ ಮಾತ್ರ ಬೇರೆ ಬೇರೆ. ನಮ್ಮ ಅತ್ತೆ ತಮ್ಮ ಹಳೇ ಸೀರೆಗಳಿಂದ ಎರಡು ಕೌದಿ ಹೊಲಿಸಿಕೊಟ್ಟರು. ಒಂದರ ಅಂಚು ಕೆಂಪು, ಒಂದರದು ಹಸಿರು. ಕೆಂಪಂಚಿನ ಕೌದಿ ಎಲ್ಲಿದೆಯೋ ಅದೇ ನನ್ನ ಜಾಗ ಅಂತ ದೊಡ್ಡವ ತಾನೇ ಹೋಗಿ ಮಲಗಿದ.

ಹಾಸಿಗೆ ಮೇಲೆ ರಬ್ಬರ್ ಶೀಟು, ಅದರ ಮೇಲೆ ಕಾಟನ್ ಬೆಡ್‌ಶೀಟು. ಅದರ ಮೇಲೆ ಮತ್ತೊಂದು ಸುತ್ತು ರಬ್ಬರ್ ಶೀಟು, ಬೆಡ್‌ಶೀಟು. ರಾತ್ರಿ ಎರಡು ಗಂಟೆಗೆ ಒದ್ದೆ ಆದರೆ ಮೇಲಿನ ಜೋಡಿ ಎಳೆದು ಬಕೆಟಿಗೆ ಹಾಕಿ ಮಲಗುವುದು. ಐದು ವರ್ಷದೊಳಗೆ ಇದು ಸಹಜ, ಬೈಯಬೇಡಿರಿ.

ನಾನೂ ಅವಳಿ:

ನಾನು, ನನ್ನ ತಮ್ಮ ಹೈಸ್ಕೂಲು ಮುಗಿಯುವವರೆಗೆ ಒಂದೇ ಡಬಲ್ ಮಂಚದಲ್ಲಿ ಮಲಗಿದವರು. ನಡುವೆ ದಿಂಬಿನ ಗಡಿ. ಗಡಿ ದಾಟಿದವನಿಗೆ ಗುದ್ದು. ಎರಡು ಮಂಚಕ್ಕೆ ನನ್ನ ಓಟು!

ಮೈಸೂರಿನ ಅವಳಿ ಅಮ್ಮ:

ಎಲ್ಲರಿಗೂ ಥ್ಯಾಂಕ್ಸ್. ಸೀಮೆಸುಣ್ಣದಲ್ಲಿ ನೆಲದ ಮೇಲೆ ಎರಡೂ ಮಂಚದ ಗುರುತು ಹಾಕಿ ನೋಡಿದೆವು. ಸರಿಯಾಗಿ ಕೂರುತ್ತದೆ. ಫ್ಯಾನಿನ ಲೆಕ್ಕ ಓದಿದ ಮೇಲೆ ನಮ್ಮೆಜಮಾನರು ಟೇಪು ಹಿಡಿದು ತಾವೇ ಅಳೆದರು, ಆಮೇಲೆ ಬಂಕ್ ಮಾತೆತ್ತಿಲ್ಲ. ಈಗ ಸೊಳ್ಳೆ ಪರದೆ ಚಿಂತೆ. ಎರಡು ಮಂಚಕ್ಕೂ ಪರದೆ ಕಟ್ಟಲು ಮೊಳೆ ಬೇಕಲ್ಲ? ಹಾಸಿಗೆ ಇವತ್ತೇ ಆರ್ಡರ್ ಮಾಡಿಬಿಡಲಾ?

ಹುಬ್ಬಳ್ಳಿ ಅವ್ವ:

ಪರದೆ ಬೇಡ, ಪುಟ್ಟಿ ಸುತ್ತುವ ರೀತಿಗೆ ಅದರೊಳಗೇ ಸುತ್ತಿಕೊಳ್ಳುತ್ತಾಳೆ. ಕಿಟಕಿಗೆ ವೆಲ್ಕ್ರೋ ಜಾಳಿಗೆ ಅಂಟಿಸಿರಿ, ಮೊಳೆ ಬೇಕಾಗಿಲ್ಲ. ಸಂಜೆ ಐದೂವರೆಗೆ ಬಾಗಿಲು ಹಾಕಿಬಿಡಿರಿ.

ಉಳಿ-ಬಾಚಿ:

ಹಾಸಿಗೆಗೆ ಅವಸರ ಬೇಡ ಮೇಡಂ. ಅಂಗಡಿಯಲ್ಲಿ 72, 75, 78 ಮೂರೂ ಉದ್ದದವು ಇರುತ್ತವೆ. ಮಂಚ ಮನೆಗೆ ಬಂದು ಜೋಡಿಸಿದ ಮೇಲೆ ಚೌಕಟ್ಟಿನ ಒಳ ಅಳತೆ ತೆಗೆಯಿರಿ. ಹಾಸಿಗೆಗೂ ಚೌಕಟ್ಟಿಗೂ ನಡುವೆ ಮಗುವಿನ ಕೈ ಇಳಿಯುವಷ್ಟು ಸಂದು ಉಳಿಯಬಾರದು. ನಾಲ್ಕು ಇಂಚಿನ ಗಟ್ಟಿ ಹಾಸಿಗೆ ಸಾಕು, ನಾರಿನದ್ದಾದರೂ ಸರಿ. ಅಡಿಯ ಪಟ್ಟಿಗಳ ನಡುವೆ ಎರಡು ಇಂಚಿಗಿಂತ ಜಾಸ್ತಿ ಬಿಡಬೇಡಿ ಅಂತ ಬಡಗಿಗೆ ಈಗಲೇ ಹೇಳಿಡಿ.