ರಾಡು, ರೀಲು, ದಾರ: ಭಾನುವಾರದ ಪ್ರಶ್ನೋತ್ತರ

ರೀಲ್ ರಿಪೇರಿ, ದಾವಣಗೆರೆ: ಎಲ್ಲರಿಗೂ ನಮಸ್ಕಾರ. ಇವತ್ತು ಅಂಗಡಿ ರಜೆ. ಹದಿನೆಂಟು ವರ್ಷದಿಂದ ಗಾಳದ ಸಾಮಾನು ಮಾರುತ್ತಿದ್ದೇನೆ, ಕೆಟ್ಟ ರೀಲ್ ಬಿಚ್ಚಿ ಸರಿ ಮಾಡುತ್ತೇನೆ. ರಾಡು, ರೀಲು, ದಾರದ ಬಗ್ಗೆ ಏನಿದ್ದರೂ ಕೇಳಿ. ಮೀನು ಎಲ್ಲಿ ಸಿಗುತ್ತದೆ ಅಂತ ಮಾತ್ರ ಕೇಳಬೇಡಿ, ಅದು ಗೊತ್ತಿದ್ದಿದ್ದರೆ ನಾನು ಅಂಗಡಿ ಯಾಕೆ ಇಡುತ್ತಿದ್ದೆ.

ಕೊಂಡಜ್ಜಿ ಹುಡುಗ: ಅಣ್ಣ, ಯೂಟ್ಯೂಬಲ್ಲಿ ಅಮೆರಿಕದವರು ಬಾಸ್ ಮೀನು ಹಿಡಿಯೋದು ನೋಡಿ ನೋಡಿ ಹುಚ್ಚು ಹಿಡಿದಿದೆ. ನನಗೂ ಬಾಸ್ ರಾಡ್ ಬೇಕು. ರೀಲ್ ಯಾವುದು, ಬೇಟ್‌ಕಾಸ್ಟರ್ ತಗೊಳ್ಳಲಾ, ಸ್ಪಿನ್ನಿಂಗ್ ತಗೊಳ್ಳಲಾ? ಆಮೇಲೆ ನಮ್ಮ ಕೆರೆಯಲ್ಲಿ ಬಾಸ್ ಇದೆಯಾ?

ರೀಲ್ ರಿಪೇರಿ: ಇಲ್ಲ ತಮ್ಮಾ. ಅದು ಉತ್ತರ ಅಮೆರಿಕದ ಮೀನು. 1925ರಲ್ಲಿ ಜಪಾನಿನವರು ತಂದು ಅವರ ಆಶಿ ಸರೋವರಕ್ಕೆ ಬಿಟ್ಟರು. ಅದು ಊರೆಲ್ಲ ಹರಡಿ ಅಲ್ಲಿನ ಸಣ್ಣ ಮೀನನ್ನೆಲ್ಲ ತಿನ್ನತೊಡಗಿತು, ಈಗ ಜೀವಂತ ಬಾಸ್ ಸಾಗಿಸಿದರೆ ಅಲ್ಲಿ ಅಪರಾಧ. ಮರಿ ತರಿಸಿ ನಮ್ಮ ಕೆರೆಗೆ ಬಿಡೋಣ ಅನ್ನುವ ಬುದ್ಧಿವಂತರು ಇದನ್ನು ಎರಡು ಸಲ ಓದಿ.

ಆದರೆ ಬಾಸ್ ರಾಡ್ ಇಲ್ಲಿ ದಂಡ ಅಲ್ಲ. ನಮ್ಮ ಕೊರಮೀನು, ಕೆಲವರು ಮುರಲ್ ಅಂತಾರೆ, ಅದೂ ಬಾಸ್ ಥರವೇ ಹುಲ್ಲು ಜೊಂಡಿನ ಸಂದಿಯಲ್ಲಿ ಅಡಗಿ ಕೂತು ಹಾರಿ ಹಿಡಿಯುವ ಮೀನು. ಆರೂವರೆಯಿಂದ ಏಳಡಿ ರಾಡ್, ಮೀಡಿಯಂ ಹೆವಿ, ಫಾಸ್ಟ್ ಆ್ಯಕ್ಷನ್ ತಗೊ. ಮೀಡಿಯಂ ಹೆವಿ ಅಂದರೆ ಬೆನ್ನಿನ ಬಲ. ಫಾಸ್ಟ್ ಅಂದರೆ ತುದಿ ಮಾತ್ರ ಬಾಗುತ್ತದೆ, ನಡು ಬಾಗಲ್ಲ. ಅದರ ಮೇಲೆ 2500 ಅಥವಾ 3000 ನಂಬರಿನ ಸ್ಪಿನ್ನಿಂಗ್ ರೀಲ್. ಬೇಟ್‌ಕಾಸ್ಟರ್ ಈಗಲೇ ಬೇಡ. ಅದರಲ್ಲಿ ಎಸೆದಾಗ ಸ್ಪೂಲ್ (ದಾರ ಸುತ್ತಿರುವ ಉರುಳೆ) ತಾನೇ ತಿರುಗುತ್ತದೆ, ಲೂರ್ (ನಕಲಿ ಎರೆ) ನೀರಿಗೆ ಬೀಳುವ ಹೊತ್ತಿಗೆ ಹೆಬ್ಬೆರಳಿಂದ ತಡೆಯಬೇಕು. ತಡೆಯದಿದ್ದರೆ ದಾರ ಒಳಗೇ ಉಬ್ಬಿ ಕುರಿ ಉಣ್ಣೆ ಥರ ಆಗುತ್ತದೆ. ಹಾಗೆ ಉಣ್ಣೆ ಮಾಡಿಕೊಂಡವರು ಸೋಮವಾರ ನನ್ನ ಅಂಗಡಿಗೆ ಬರುತ್ತಾರೆ, ಬಿಡಿಸಲಾಗದೆ ಕತ್ತರಿ ಹಾಕುತ್ತೇನೆ.

ಹೊಸಬ: ಸರ್ 1500 ರೂಪಾಯಿಗೆ ಒಳ್ಳೆ ಸೆಟ್ ಯಾವುದು?

ರೀಲ್ ರಿಪೇರಿ: ರಾಡಿಗೆ ಕಡಿಮೆ ಹಾಕಿ, ರೀಲಿಗೆ ಜಾಸ್ತಿ ಹಾಕಿ. ಡ್ರ್ಯಾಗ್, ಅಂದರೆ ಮೀನು ಜೋರಾಗಿ ಎಳೆದಾಗ ದಾರ ಬಿಡುವ ಬ್ರೇಕು, ಮೆತ್ತಗೆ, ಜರ್ಕ್ ಇಲ್ಲದೆ ಬಿಡಬೇಕು. ಅಂಗಡಿಯಲ್ಲೇ ಎಳೆದು ನೋಡಿ ತಗೊಳ್ಳಿ.

ಜಗಳೂರು ಮೇಷ್ಟ್ರು: ಬಾಸ್ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಅದರ ವಿಶ್ವ ದಾಖಲೆ 1932ರದ್ದು, ಜಾರ್ಜಿಯಾದ ಜಾರ್ಜ್ ಪೆರ್ರಿ, 22 ಪೌಂಡ್ 4 ಔನ್ಸ್. ಸುಮಾರು 10 ಕಿಲೋ. ಇವತ್ತಿಗೂ ಯಾರೂ ಮುರಿದಿಲ್ಲ.

ಹರಿಹರ ಹೊಳೆ: ತಪ್ಪು ಮೇಷ್ಟ್ರೇ. 2009ರಲ್ಲಿ ಜಪಾನಿನ ಬಿವಾ ಸರೋವರದಲ್ಲಿ ಕುರಿಟಾ ಅನ್ನುವವರು ಅದಕ್ಕಿಂತ ಒಂದು ಔನ್ಸ್ ಜಾಸ್ತಿ ಹಿಡಿದಿದ್ದಾರೆ.

ಜಗಳೂರು ಮೇಷ್ಟ್ರು: ಮುರಿಯಬೇಕಾದರೆ ಕನಿಷ್ಠ ಎರಡು ಔನ್ಸ್ ಜಾಸ್ತಿ ಇರಬೇಕು ಅಂತ ನಿಯಮ. ಅದಕ್ಕೇ ಇಬ್ಬರಿಗೂ ಸಮ ಅಂತ ಬರೆದುಕೊಂಡರು. ಸರಿಯಾಗಿ ಓದಿ.

ಹರಿಹರ ಹೊಳೆ: ಜಾಸ್ತಿ ತೂಗಿದ್ದು ಯಾರದು? ಅಷ್ಟು ಹೇಳಿ ಸಾಕು.

ಸೂಳೆಕೆರೆ ಬಾಯ್: ಅಣ್ಣ ಇದು ನೋಡಿ, ರೀಲಿನ ಡ್ರ್ಯಾಗ್ ಪೂರ್ತಿ ಬಿಗಿ ಮಾಡಿದ್ದೇನೆ. ಮೀನು ಕಚ್ಚಿದಾಗ ಹ್ಯಾಂಡಲ್ ತಿರುಗಿಸ್ತೀನಿ, ದಾರ ಒಳಗೆ ಬರಲ್ಲ. ಎರಡು ಕೊರಮೀನು ಹೋಯ್ತು. ಹೊಸ ಬ್ರೇಡ್ (ಹೆಣೆದ ದಾರ) ಹಾಕಿಸಿ ಒಂದು ವಾರ ಆಗಿಲ್ಲ. ರೀಲ್ ಹೋಯ್ತಾ?

ರೀಲ್ ರಿಪೇರಿ: ಒಂದು ಕೆಲಸ ಮಾಡು. ದಾರದ ತುದಿಯನ್ನು ಬಾಗಿಲ ಚಿಲಕಕ್ಕೆ ಕಟ್ಟಿ ರಾಡ್ ಹಿಂದಕ್ಕೆ ಎಳಿ, ಎಳೆಯುತ್ತಾ ಸ್ಪೂಲನ್ನೇ ನೋಡು. ಸ್ಪೂಲ್ ನಿಂತಿದ್ದು ಮೇಲಿನ ದಾರದ ಉಂಡೆ ಮಾತ್ರ ಜಾರಿ ತಿರುಗುತ್ತಿದೆಯಾ ಹೇಳು.

ಸೂಳೆಕೆರೆ ಬಾಯ್: ಹೌದಣ್ಣ! ಉಂಡೆ ಪೂರ್ತಿ ತಿರುಗ್ತಿದೆ, ಸ್ಪೂಲ್ ನಿಂತೇ ಇದೆ!

ರೀಲ್ ರಿಪೇರಿ: ಹಂಗಾದರೆ ರೀಲಿಗೇನೂ ಆಗಿಲ್ಲ. ಬ್ರೇಡ್ ನುಣುಪು, ಬರಿ ಲೋಹದ ಮೇಲೆ ಹಿಡಿತ ಸಿಗಲ್ಲ. ಮೊದಲು ಎಂಟು ಹತ್ತು ಸುತ್ತು ಮೋನೋ (ಒಂದೇ ಎಳೆಯ ನೈಲಾನ್ ದಾರ) ಹಾಕಿ, ಅದಕ್ಕೆ ಬ್ರೇಡ್ ಗಂಟು ಹಾಕಿ ಸುತ್ತಬೇಕು. ಹಾಕಿಕೊಟ್ಟವರು ಅದನ್ನು ಬಿಟ್ಟಿದ್ದಾರೆ. ತುಂಬುವಾಗಲೂ ಒದ್ದೆ ಬಟ್ಟೆಯಲ್ಲಿ ದಾರ ಹಿಡಿದು ಬಿಗಿಯಾಗಿ ತುಂಬು, ಅಂಚಿಗೆ ಎರಡು ಮಿಲಿಮೀಟರ್ ಬಿಟ್ಟು ನಿಲ್ಲಿಸು. ಡ್ರ್ಯಾಗ್ ಪೂರ್ತಿ ಬಿಗಿ ಇಡುವುದೂ ತಪ್ಪು. ಮನೆಯಲ್ಲಿ ಸ್ಪ್ರಿಂಗ್ ತಕ್ಕಡಿ ಇದ್ದರೆ ದಾರದ ತುದಿಗೆ ಕಟ್ಟಿ ಎಳಿ. 20 ಪೌಂಡ್ ದಾರ ಅಂದರೆ 9 ಕಿಲೋ ಎಳೆತ ತಡೆಯುವ ದಾರ, ಅದರಲ್ಲಿ ಕಾಲು ಭಾಗ, ಎರಡೂ ಕಾಲು ಕಿಲೋ ತೋರಿಸಿದಾಗ ಡ್ರ್ಯಾಗ್ ಬಿಡಬೇಕು.

ಮಾರಿಕಣಿವೆ: ಬ್ರೇಡ್ ಎಲ್ಲಾ ಶೋಕಿ. ನಮ್ಮ ವಾಣಿವಿಲಾಸ ಸಾಗರದ ಬಂಡೆಗೆ ಬ್ರೇಡ್ ಒಂದು ಸಲ ಉಜ್ಜಿದರೆ ಕಟ್. ನಮ್ಮ ಅಪ್ಪನ ಕಾಲದಿಂದ ಮೋನೋನೇ.

ಸೂಳೆಕೆರೆ ಬಾಯ್: ನಿಮ್ಮ ಕಡೆ ಬಂಡೆ, ನಮ್ಮ ಕಡೆ ಜೊಂಡು. ಜೊಂಡಿನಲ್ಲಿ ಮೋನೋ ಎಳೆದು ನೋಡಿ, ರಬ್ಬರ್ ಥರ ಹಿಗ್ಗುತ್ತೆ. ಮೀನು ಹುಲ್ಲೊಳಗೆ ಹೋಗಿ ಕೂತುಬಿಡುತ್ತೆ.

ರೀಲ್ ರಿಪೇರಿ: ಇಬ್ಬರದ್ದೂ ಸರಿ. ಜೊಂಡಿಗೆ 30 ಪೌಂಡ್ ಮೇಲಿನ ಬ್ರೇಡ್. ಬಂಡೆಗೆ ಬ್ರೇಡ್ ತುದಿಗೆ ಒಂದು ಮಾರು ಉದ್ದದ ಲೀಡರ್, ಅಂದರೆ ಗಾಳದ ಕಡೆಗೆ ಕಟ್ಟುವ ದಪ್ಪ ಮೋನೋ ಅಥವಾ ಫ್ಲೋರೋ (ಫ್ಲೋರೋಕಾರ್ಬನ್ ದಾರ) ತುಂಡು. ಮೋನೋ ನಿಧಾನಕ್ಕೆ ಮುಳುಗುತ್ತದೆ, ಫ್ಲೋರೋ ಬೇಗ ಮುಳುಗುತ್ತದೆ. ನೀರ ಮೇಲೆ ತೇಲುವ ಕಪ್ಪೆ ಆಕಾರದ ಲೂರಿಗೆ ಫ್ಲೋರೋ ಹಾಕಿದರೆ ಅದರ ಮೂತಿಯನ್ನು ನೀರಿಗೆ ಎಳೆಯುತ್ತದೆ. ಸಾಕು, ಮುಂದೆ.

ಮಾರಿಕಣಿವೆ: ಸೂಳೆಕೆರೆಯಲ್ಲಿ ಈಗ ಮೀನೆಲ್ಲಿದೆ ಮೊದಲು ಹೇಳಪ್ಪ. 2022ರಲ್ಲಿ ನಮ್ಮ ಡ್ಯಾಂ ಕೋಡಿ ಬಿತ್ತು, 1933 ಆದ ಮೇಲೆ ಅದೇ ಮೊದಲು. ಆ ನೀರಲ್ಲಿ ಗಾಳ ಹಾಕಿದವರಿಗೆ ಗೊತ್ತು.

ನಾಲೆ ಏರಿ: ಅಣ್ಣ ನನ್ನದೊಂದು ಸಣ್ಣ ಡೌಟು. ಆನ್‌ಲೈನಲ್ಲಿ 12 ಅಡಿ ಮಡಚೋ ಕಾರ್ಬನ್ ರಾಡ್ ತಗೊಂಡೆ, ಚೆನ್ನಾಗಿದೆ. ಭದ್ರಾ ನಾಲೆ ಏರಿ ಮೇಲೆ ನಿಂತು ಹಾಕ್ತೀನಿ. ನಿನ್ನೆ ಹನಿ ಬೀಳುತ್ತಿತ್ತು, ರಾಡ್ ಎತ್ತಿದಾಗ ಕೈಗೆ ಜುಮ್ ಅಂತು. ಎರಡು ಸಲ. ರಾಡ್ ಡಿಫೆಕ್ಟಾ? ವಾಪಸ್ ಕಳಿಸಬಹುದಾ?

ರೀಲ್ ರಿಪೇರಿ: ಬೇರೆ ಪ್ರಶ್ನೆ ಎಲ್ಲಾ ಆಮೇಲೆ. ನಾಲೆ ಏರಿ, ಮೊದಲು ಇದಕ್ಕೆ ಉತ್ತರ ಕೊಡು: ನೀನು ನಿಲ್ಲುವ ಜಾಗದ ಮೇಲೆ ಕರೆಂಟ್ ತಂತಿ ಇದೆಯಾ?

ನಾಲೆ ಏರಿ: ಮೂರು ತಂತಿ ಹೋಗಿದೆ ಅಣ್ಣ, ಪಂಪ್‌ಸೆಟ್ಟಿಗೆ ಹೋಗೋ ಲೈನು. ಆದರೆ ತುಂಬಾ ಮೇಲಿದೆ, ತಾಗಲ್ಲ.

ರೀಲ್ ರಿಪೇರಿ: ರಾಡಿಗೇನೂ ಆಗಿಲ್ಲ. ನಿನಗೆ ಏನೂ ಆಗಿಲ್ಲ ಅನ್ನುವುದೇ ದೊಡ್ಡದು. ಎಲ್ಲರೂ ಓದಿ, ಉದ್ದ ಆಗುತ್ತದೆ.

ಕಾರ್ಬನ್ ರಾಡ್ ಅಂದರೆ ಕರೆಂಟಿಗೆ ತಂತಿ ಇದ್ದ ಹಾಗೆ. ಮೇಲೆ ಬಣ್ಣ ಇದೆ, ವಾರ್ನಿಷ್ ಇದೆ, ಅದೆಲ್ಲ ಲೆಕ್ಕಕ್ಕಿಲ್ಲ. ಬಿದಿರ ಕೋಲಾದರೆ ಒಣಗಿದ್ದಾಗ ಅಷ್ಟು ಹರಿಸಲ್ಲ, ನಮ್ಮ ಅಜ್ಜಂದಿರು ಉಳಿದುಕೊಂಡಿದ್ದು ಹಾಗೇ ಇರಬೇಕು. ಈಗ ಲೆಕ್ಕ ಹಾಕು. ಕೈ ಎತ್ತಿ ಎಸೆಯುವಾಗ ನಿನ್ನ ಮುಷ್ಟಿ ಆರಡಿ ಮೇಲಿರುತ್ತದೆ, ಅದರ ಮೇಲೆ 12 ಅಡಿ ರಾಡ್. ಹದಿನೆಂಟಡಿ ಆಯಿತು. ಏರಿ ಹೊಲಕ್ಕಿಂತ ಎತ್ತರದಲ್ಲಿದೆ, ಅದನ್ನೂ ಸೇರಿಸು. ತಂತಿ ಎರಡು ಕಂಬದ ನಡುವೆ ಜೋತಿರುತ್ತದೆ, ಬೇಸಿಗೆಯ ಬಿಸಿಗೆ ಇನ್ನೂ ಇಳಿಯುತ್ತದೆ. ಕೆಳಗೆ ನಿಂತು ನೋಡಿದರೆ ಎತ್ತರ ಕಾಣುತ್ತದೆ, ಕಣ್ಣಿನ ಅಳತೆ ನಂಬಬೇಡ.

ಇನ್ನೊಂದು, ತಾಗಲೇಬೇಕು ಅಂತ ಇಲ್ಲ. 11 ಸಾವಿರ ವೋಲ್ಟ್ ತಂತಿಯ ತೀರಾ ಹತ್ತಿರ ಹೋದರೆ ಸಾಕು, ಕಿಡಿ ಹಾರಿ ರಾಡಿಗೆ ಬರುತ್ತದೆ. ಒದ್ದೆ ದಾರ, ಒದ್ದೆ ಕೈ, ಒದ್ದೆ ನೆಲ, ಬರಿಗಾಲು. ನೀನು ಹೇಳಿದ ಜುಮ್ ತಂತಿಯಿಂದಲೂ ಆಗಿರಬಹುದು, ಮೋಡದಿಂದಲೂ ಆಗಿರಬಹುದು. ಗುಡುಗು ಮೋಡ ಮೇಲಿದ್ದಾಗ ರಾಡ್ ಗುಂಯ್‌ಗುಟ್ಟಿದರೆ, ಕೂದಲು ನಿಂತರೆ, ಸಿಡಿಲು ನಿನ್ನನ್ನೇ ಹುಡುಕುತ್ತಿದೆ ಅಂತ ಅರ್ಥ. ಎರಡರಲ್ಲಿ ಯಾವುದಾದರೂ ಮಾಡುವುದು ಒಂದೇ: ರಾಡ್ ನೆಲಕ್ಕೆ ಮಲಗಿಸಿ ಅಲ್ಲಿಂದ ಹೊರಡು. ಮೀನು ಗಾಳದಲ್ಲಿದ್ದರೂ ಬಿಡು. ಜಾಗ ಬದಲಿಸುವಾಗಲೂ ರಾಡ್ ಮಡಚಿಕೊಂಡೇ ನಡಿ, ನಿಲ್ಲಿಸಿಕೊಂಡು ಹೋಗಬೇಡ.

ದಾರ ಅಥವಾ ಗಾಳ ತಂತಿಗೆ ಸಿಕ್ಕಿಕೊಂಡರೆ ಎಳೆಯಲೇಬೇಡ. ರಾಡ್ ಬಿಟ್ಟು ದೂರ ಹೋಗಿ ಬೆಸ್ಕಾಂಗೆ 1912 ಮಾಡು. ಯಾರಿಗಾದರೂ ಶಾಕ್ ಹೊಡೆದು ಬಿದ್ದಿದ್ದರೆ ಕರೆಂಟ್ ತೆಗೆಸುವವರೆಗೆ ಅವರನ್ನು ಮುಟ್ಟಬಾರದು, 108ಕ್ಕೂ ಮಾಡು. ಮುಟ್ಟಲು ಹೋಗಿ ಇಬ್ಬರಾಗುತ್ತಾರೆ.

ಇದನ್ನು ಓದಿದೆ ಅಂತ ಒಂದು ಮಾತು ಹಾಕು.

ಹೊಸ ಗಾಳ: ಸರ್ 1500ಕ್ಕೆ ಸೆಟ್ ಸಿಗುತ್ತಾ?

ಶಿವಪ್ಪಜ್ಜನ ಮೊಮ್ಮಗ: ಫಾರ್ವರ್ಡ್: ಕಾರ್ಬನ್ ರಾಡಿನ ಹಿಡಿಗೆ ಸೈಕಲ್ ಟ್ಯೂಬ್ ಸುತ್ತಿದರೆ ಶಾಕ್ ಹೊಡೆಯುವುದಿಲ್ಲ. ರೀಲಿಗೆ ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ಬಿಟ್ಟರೆ ಆಯಸ್ಸು ಡಬಲ್. ಎಲ್ಲಾ ಗುಂಪಿಗೂ ಶೇರ್ ಮಾಡಿ.

ರೀಲ್ ರಿಪೇರಿ: ಮೇಲೆ ಅಷ್ಟು ಬರೆದಿದ್ದು ಯಾರಿಗೆ? ಸೈಕಲ್ ಟ್ಯೂಬ್ 11 ಸಾವಿರ ವೋಲ್ಟ್ ತಡೆಯಲ್ಲ. ಟ್ಯೂಬ್ ಇದೆ ಅನ್ನುವ ಧೈರ್ಯದಲ್ಲಿ ಒಬ್ಬ ಹುಡುಗ ತಂತಿ ಕೆಳಗೆ ನಿಂತರೆ ಅವರ ಅಮ್ಮನಿಗೆ ಹೋಗಿ ನೀವು ಉತ್ತರ ಹೇಳುತ್ತೀರಾ? ಅಳಿಸಿ ಅದನ್ನು.

ಕೊಬ್ಬರಿ ಎಣ್ಣೆ ಮಾತು ಬೇರೆ. ಡಿಸೆಂಬರ್ ಬೆಳಗ್ಗೆ ನಿಮ್ಮ ಬಚ್ಚಲಲ್ಲಿ ಎಣ್ಣೆ ಬಾಟಲಿ ಬೆಳ್ಳಗೆ ಗಟ್ಟಿಯಾಗಿರುತ್ತೆ ಅಲ್ವಾ? ರೀಲೊಳಗೂ ಹಂಗೇ ಆಗುತ್ತದೆ. ಹೋದ ತಿಂಗಳು ಬಿಚ್ಚಿದ ಒಂದು ರೀಲಿನ ಗೇರಿನಲ್ಲಿ ಹೆಪ್ಪುಗಟ್ಟಿದ ಎಣ್ಣೆ, ಅದರ ಮೇಲೆ ಮೀನಿಗೆ ಕಟ್ಟುವ ರಾಗಿ ಹಿಟ್ಟು, ಅದರಲ್ಲಿ ಎರಡು ಸತ್ತ ಇರುವೆ. ಬೇರಿಂಗಿಗೆ ಒಂದೇ ಹನಿ ರೀಲ್ ಎಣ್ಣೆ, ಗೇರಿಗೆ ಸ್ವಲ್ಪ ಗ್ರೀಸ್. ತುಕ್ಕು ಬಿಡಿಸುವ ಸ್ಪ್ರೇ ಹೊಡೆಯಬೇಡಿ, ಗ್ರೀಸ್ ಕರಗಿ ಹೋಗುತ್ತದೆ.

ಶಿವಪ್ಪಜ್ಜನ ಮೊಮ್ಮಗ: ಬಂದಿದ್ದನ್ನು ಹಾಕಿದೆ ಅಷ್ಟೇ ಸರ್, ಇಷ್ಟಕ್ಕೆ ಯಾಕೆ ಬೈತೀರಿ.

ಮಾರಿಕಣಿವೆ: ಮೋನೋಗೆ ಯಾವ ಗಂಟು ಒಳ್ಳೆಯದು ಸರ್?

ಕೊಂಡಜ್ಜಿ ಹುಡುಗ: ಅಣ್ಣ, ಕೊರಮೀನು ಮರಿ ಜೊತೆ ಇರುವಾಗ ಕಪ್ಪೆ ಲೂರ್ ಹಾಕಿದರೆ ಗ್ಯಾರಂಟಿ ಕಚ್ಚುತ್ತೆ ಅಂತಾರೆ. ಕೆಂಪು ಮರಿ ಗುಂಪು ಕಂಡಿದೆ.

ರೀಲ್ ರಿಪೇರಿ: ಕಚ್ಚುತ್ತದೆ, ಹಸಿವಿಗಲ್ಲ. ಮರಿ ಕಾಯುವ ಸಿಟ್ಟಿಗೆ. ಅಪ್ಪ ಅಮ್ಮ ಎತ್ತಿದ ಮೇಲೆ ಆ ಮರಿಗಳನ್ನೆಲ್ಲ ಬೇರೆ ಮೀನು ತಿಂದು ಮುಗಿಸುತ್ತವೆ. ಬಿಡು ಅವನ್ನು.

ಹರಿಹರ ಹೊಳೆ: ಮರಿ ಬಿಡಿ ಅಂತ ನಮಗೆ ಹೇಳ್ತೀರಿ, ಗುತ್ತಿಗೆದಾರರು ಬಲೆ ಹಾಕಿ ಗುಡಿಸಿಕೊಂಡು ಹೋಗ್ತಾರಲ್ಲ, ಅವರಿಗೆ ಹೇಳಿ.

ಜಗಳೂರು ಮೇಷ್ಟ್ರು: ದುಡ್ಡು ಕಟ್ಟಿ ಕೆರೆ ಗುತ್ತಿಗೆ ಹಿಡಿದು ಮರಿ ಬಿಟ್ಟಿರುವವರು ಅವರು. ಅವರನ್ನು ಕೇಳದೆ ಗಾಳ ಹಾಕುವುದು ಕಳ್ಳತನ.

ಹರಿಹರ ಹೊಳೆ: ನೀವು ಎಲ್ಲಾ ಕೆರೆಗೂ ಕೇಳಿ ಹೋಗ್ತೀರಾ ಮೇಷ್ಟ್ರೇ? ಹೋದ ವಾರದ ಫೋಟೋ ನಾನೂ ನೋಡಿದ್ದೇನೆ.

ಜಗಳೂರು ಮೇಷ್ಟ್ರು: ಅದು ನಮ್ಮ ಭಾವನ ಹೊಲದ ಹೊಂಡ. ಗೊತ್ತಿಲ್ಲದೆ ಮಾತಾಡಬೇಡ್ರಿ.

ಹರಿಹರ ಹೊಳೆ: ಹೊಂಡದಲ್ಲಿ ಐದು ಕಿಲೋ ಕಾಟ್ಲಾ!

ಸೂಳೆಕೆರೆ ಬಾಯ್: ಅಣ್ಣ ಮೋನೋ ಹಾಕಿ ಮೇಲೆ ಬ್ರೇಡ್ ಸುತ್ತಿದೆ. ಈಗ ಜಾರಲ್ಲ. ಥ್ಯಾಂಕ್ಸ್.

ಹೊಸಬ 2: 1500ಕ್ಕೆ ಒಳ್ಳೆ ಸೆಟ್ ಹೇಳಿ ಸರ್ ಪ್ಲೀಸ್

ರೀಲ್ ರಿಪೇರಿ: ಮೇಲೆ ಓದಿ.

ಮಾರಿಕಣಿವೆ: ಗಂಟು ಕೇಳಿದ್ದೆ. ಉತ್ತರ ಇಲ್ಲ.

ರೀಲ್ ರಿಪೇರಿ: ನಾಲೆ ಏರಿ ಅವರೇ, ಒಂದು ಗಂಟೆ ಆಯಿತು. ಎಲ್ಲಿದ್ದೀರಿ? ಮೋಡ ಕಟ್ಟಿದೆ ಇಲ್ಲಿ. ಅವರ ಊರಿನವರು ಯಾರಾದರೂ ಇದ್ದರೆ ಫೋನ್ ಮಾಡಿ ನೋಡಿ.

ಜಗಳೂರು ಮೇಷ್ಟ್ರು: ಹರಿಹರದವರು ಮೊದಲು ಕ್ಷಮೆ ಕೇಳಲಿ.

ನಾಲೆ ಏರಿ: ಅಣ್ಣ ಸಾರಿ, ಗಾಡಿ ಓಡಿಸುತ್ತಿದ್ದೆ. ಓದಿದೆ. ಏರಿಗೆ ಹೋಗಿ ತಂತಿ ಕೆಳಗೆ ನಿಂತು ನೋಡಿದೆ. ನಿಮ್ಮ ಲೆಕ್ಕ ಸರಿ ಇದೆ, ನಾನು ನಿಲ್ಲುವ ಕಲ್ಲಿನ ಮೇಲೇ ನಡುವಿನ ತಂತಿ ಜೋತಿದೆ. ರಾಡ್ ಬಿಚ್ಚಲೇ ಇಲ್ಲ, ವಾಪಸ್ ಬಂದೆ. ಇನ್ನು ಕಂಬ ಇಲ್ಲದ ತೂಬಿನ ಹತ್ತಿರ ಹಾಕ್ತೀನಿ. ಆ ಕಲ್ಲಿನ ಮೇಲೆ ದಿನಾ ಇನ್ನೊಬ್ಬ ಹುಡುಗ ಕೂರುತ್ತಾನೆ, ಅವನ ಹತ್ತಿರವೂ ಕಾರ್ಬನ್ ರಾಡೇ. ಅವನ ನಂಬರ್ ಇಲ್ಲ ನನ್ನ ಹತ್ತಿರ.

ರೀಲ್ ರಿಪೇರಿ: ಇವತ್ತು ಬಂದಿದ್ದಾನಾ ಅವನು?

ನಾಲೆ ಏರಿ: ನಾನು ಹೊರಟಾಗ ಬಂದಿರಲಿಲ್ಲ. ಸಾಮಾನ್ಯ ಐದು ಗಂಟೆಗೆ ಬರ್ತಾನೆ.

ರೀಲ್ ರಿಪೇರಿ: ಈಗ ನಾಲ್ಕೂ ನಲವತ್ತು. ಗಾಡಿ ತಿರುಗಿಸು. ನಾನೂ ಹೊರಟೆ, ಆ ಕಲ್ಲು ಎಲ್ಲಿದೆ ಅಂತ ಲೊಕೇಶನ್ ಹಾಕು.

ಹೊಸಬ: ಸರ್ ಹೋಗೋ ಮುಂಚೆ, ಆ ಸೆಟ್ ವಿಷಯ?