ಕಿಟಕಿ ಗಾಜಿನ ಕೆಲಸದ ಜೊತೆ ಬೇರೆ ಕ್ಲೀನಿಂಗೂ ಶುರು ಮಾಡಲೇ?

ಪ್ರಶ್ನೆ

ನಮಸ್ಕಾರ. ಆರು ವರ್ಷದಿಂದ ಕಿಟಕಿ ಗಾಜು ಕ್ಲೀನ್ ಮಾಡುವ ಕೆಲಸ ನಡೆಸಿಕೊಂಡು ಬಂದಿದ್ದೇನೆ. ನಾನು, ಇಬ್ಬರು ಹುಡುಗರು, ಒಂದು ವ್ಯಾನ್. ಮನೆಗಳೇ ಜಾಸ್ತಿ, ನಾಲ್ಕೈದು ಆಫೀಸೂ ಇವೆ. ಹೋದಲ್ಲೆಲ್ಲ ಇದೇ ಮಾತು: "ಹಾಗೇ ಮೇಲಿನ ಸೋಲಾರ್ ಪ್ಯಾನೆಲ್ಲೂ ತೊಳೆದುಬಿಡಿ", "ಸೋಫಾ ಮಾಡ್ತೀರಾ?", "ಕಾಂಪೌಂಡ್ ಗೋಡೆಗೆ ಪಾಚಿ ಹಿಡಿದಿದೆ ನೋಡಿ". ಇಲ್ಲ ಅಂದಾಗಲೆಲ್ಲ ಕೈಗೆ ಬಂದದ್ದನ್ನು ಬಿಟ್ಟೆನೇನೋ ಅನ್ನಿಸುತ್ತದೆ. 'ಎಲ್ಲ ಬಗೆಯ ಕ್ಲೀನಿಂಗ್' ಅಂತ ಬೋರ್ಡ್ ಬರೆಸಿಬಿಡು ಅನ್ನುತ್ತಾನೆ ಭಾವಮೈದುನ. ಅನುಭವ ಇದ್ದವರು ಹೇಳಿ, ಏನು ಮಾಡಲಿ?

ಉತ್ತರ (ಈ ಕೆಲಸದಲ್ಲಿ 17 ವರ್ಷ)

ಬೋರ್ಡ್ ಬರೆಸುವುದಕ್ಕೆ ಮೊದಲು ಒಂದು ಮಾತು. ಕೆಲಸ ಸಾಲದೆ ಹೊಸದು ಬೇಕಾ, ಅಥವಾ ಕೆಲಸ ಇದ್ದೂ ಕೈಯಲ್ಲಿ ದುಡ್ಡು ನಿಲ್ಲುತ್ತಿಲ್ಲವಾ? ಇವೆರಡೂ ಬೇರೆ ಬೇರೆ ಕಾಯಿಲೆ. ದಿನವೆಲ್ಲ ದುಡಿದೂ ಉಳಿಯುತ್ತಿಲ್ಲ ಅಂದರೆ ನಿಮ್ಮ ರೇಟ್ ಕಮ್ಮಿ ಅಂತ ಅರ್ಥ. ಅದಕ್ಕೆ ಸೋಫಾ ಸೇರಿಸಿದರೆ ಕಮ್ಮಿ ರೇಟಿನ ಇನ್ನೊಂದು ಕೆಲಸ ಸೇರುತ್ತದೆ, ಅಷ್ಟೇ.

ದಿನ ಖಾಲಿ ಬೀಳುತ್ತಿದ್ದರೆ ಸೇರಿಸಿ. ಆದರೆ ನನ್ನ ಲೆಕ್ಕ ಒಂದೇ: ಅದೇ ಗಿರಾಕಿ, ಅದೇ ನೀರು, ಅದೇ ಕೋಲು. ಈ ಮೂರರಲ್ಲಿ ಎರಡಾದರೂ ಹೊಂದಿದರೆ ಅದು ನಿಮ್ಮ ಕೆಲಸ. ಒಂದೇ ಹೊಂದಿದರೆ ಅದು ಬೇರೆ ಬಿಸಿನೆಸ್, ನಿಮ್ಮ ವ್ಯಾನಿನಲ್ಲಿ ಬಿಟ್ಟಿ ಸವಾರಿ ಮಾಡುತ್ತಿರುತ್ತದೆ.

ಸೋಲಾರ್ ಪ್ಯಾನೆಲ್ ಮೂರಕ್ಕೂ ಹೊಂದುತ್ತದೆ. ಉದ್ದ ಕೋಲಿಗೆ ಬ್ರಷ್ ಸಿಕ್ಕಿಸಿ ಶುದ್ಧ ನೀರು ಹಾಯಿಸುವ ಪದ್ಧತಿ ನಿಮ್ಮಲ್ಲಿದ್ದರೆ ಹೊಸದಾಗಿ ಕೊಳ್ಳುವುದು ಹೆಚ್ಚುಕಮ್ಮಿ ಬ್ರಷ್ ಒಂದೇ. ಒರೆಸುವ ಗೋಜಿಲ್ಲ. ನೀರಿನಲ್ಲಿ ಕರಗಿರುವ ಉಪ್ಪು ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸುವ ನೀರು ಒಣಗಿದರೆ ಕಲೆ ಉಳಿಯುವುದಿಲ್ಲ, ಉಳಿಯಲು ಅದರಲ್ಲಿ ಉಪ್ಪೇ ಇಲ್ಲ. ಆದರೆ ಬೆಳಗ್ಗೆ ಬೇಗ ಮಾಡಿ. ಮಧ್ಯಾಹ್ನದ ಬಿಸಿಲಿಗೆ ಪ್ಯಾನೆಲ್ 60 ಡಿಗ್ರಿ ದಾಟಬಹುದು, ಆಗ ತಣ್ಣೀರು ಬಿದ್ದರೆ ಗಾಜು ಬಿರಿಯುವ ಅಪಾಯ. ಪ್ಯಾನೆಲ್ ಮೇಲೆ ಹುಡುಗರನ್ನು ಹತ್ತಿಸಲೇಬೇಡಿ. ಮೇಲೆ ಏನೂ ಕಾಣುವುದಿಲ್ಲ, ಒಳಗೆ ಸೆಲ್ ಸೀಳಿರುತ್ತದೆ.

ಸೊಳ್ಳೆ ಮೆಶ್, ಸ್ಲೈಡಿಂಗ್ ಕಿಟಕಿಯ ಟ್ರ್ಯಾಕ್, ಒಳಗಿನ ಕನ್ನಡಿ: ಇವನ್ನು ನೀವು ಈಗಾಗಲೇ ಪುಕ್ಕಟೆ ಮಾಡುತ್ತಿರಬೇಕು. ಕೊಟೇಶನ್‌ನಲ್ಲಿ ಬೇರೆ ಸಾಲಾಗಿ ಬರೆಯಿರಿ. ವಿಸ್ತರಣೆ ಅಲ್ಲಿಂದಲೇ ಶುರು ಆಗಲಿ.

ಪ್ರಶ್ನೆ ಕೇಳಿದವರು

ಟ್ರ್ಯಾಕ್ ಪುಕ್ಕಟೆ ಮಾಡುತ್ತಿರುವುದು ನಿಜ ಸರ್, ಹೇಗೆ ಗೊತ್ತಾಯಿತೋ! ಉಪ್ಪುನೀರಿನ ಬಿಳಿ ಕಲೆ ತೆಗೆಯುವುದನ್ನು ಸೇರಿಸಬಹುದಾ? ಅದಕ್ಕೂ ತುಂಬಾ ಜನ ಕೇಳುತ್ತಾರೆ. ಇನ್ನೊಂದು, ಪ್ರೆಶರ್ ವಾಷರ್‌ಗೆ ಅಡ್ವಾನ್ಸ್ ಕೊಟ್ಟುಬಿಟ್ಟಿದ್ದೇನೆ. ಬೈಯಬೇಡಿ.

ಉತ್ತರ

ಬೈಯುವುದಿಲ್ಲ. ನಾನೂ ಕೊಂಡವನೇ. ಎರಡು ವರ್ಷ ಅದರಿಂದ ವ್ಯಾನ್ ತೊಳೆದೆ.

ಮೊದಲು ಕಲೆ. ಸೇರಿಸಿ, ಆದರೆ ಮಾಮೂಲಿ ಗಾಜಿನ ರೇಟಿಗಲ್ಲ, ಸ್ಯಾಂಪಲ್ ನೋಡದೆಯೂ ಅಲ್ಲ. ಒಂದು ಮನೆಯಲ್ಲಿ ಬಚ್ಚಲ ಕಿಟಕಿಗೆ ಆಸಿಡ್ ಇರುವ ದ್ರಾವಣ ಹಚ್ಚಿದೆ. ಗಾಜು ಫಳಫಳ. ಕೆಳಗೆ ಅಮೃತಶಿಲೆಯ ಹಾಸು ಇತ್ತು, ಅದರ ಮೇಲೆ ನಾಲ್ಕು ಹನಿ ಬಿದ್ದಿದ್ದು ನೋಡಲಿಲ್ಲ. ಒರೆಸುವ ಹೊತ್ತಿಗೆ ಕಲ್ಲಿನ ಹೊಳಪು ಹೋಗಿ ನಾಲ್ಕು ಮಂಕು ವೃತ್ತ. ಗಾಜಿನ ಕಲೆಯಲ್ಲಿ ಮುಖ್ಯವಾಗಿ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್, ಅಮೃತಶಿಲೆಯೂ ಅದೇ. ಆಸಿಡ್‌ಗೆ ಇದು ಕಲೆ, ಇದು ಕಲ್ಲು ಅಂತ ಭೇದ ಗೊತ್ತಿಲ್ಲ. ಪಾಲಿಶ್‌ನವನಿಗೆ ನನ್ನ ಕೈಯಿಂದ ಕೊಟ್ಟ ದುಡ್ಡು ಆ ವಾರದ ದುಡಿಮೆಗಿಂತ ಜಾಸ್ತಿ. ಈಗ ಕೆಳಗೆ ಪ್ಲಾಸ್ಟಿಕ್ ಹಾಸಿ, ಅಂಚಿಗೆ ಒದ್ದೆ ಟವೆಲ್ ಇಟ್ಟೇ ಬಾಟಲಿ ಬಿರಡೆ ತೆಗೆಯುವುದು. ಹೈಡ್ರೋಫ್ಲೋರಿಕ್ ಆಸಿಡ್ ಇರುವ ಸರಕನ್ನು ಯಾರು ಎಷ್ಟು ಹೊಗಳಿದರೂ ಮುಟ್ಟಬೇಡಿ. ಅದು ಚರ್ಮದೊಳಗೆ ಇಳಿಯುತ್ತದೆ, ಎಷ್ಟೋ ಸಲ ಉರಿ ಗೊತ್ತಾಗುವುದೇ ತಡವಾಗಿ.

ಇನ್ನು ಪ್ರೆಶರ್ ವಾಷರ್. ಸಿಮೆಂಟ್ ನೆಲಕ್ಕೆ ಸರಿ. ಗೋಡೆಗೆ ಹಿಡಿದರೆ ಬಣ್ಣ ಏಳುತ್ತದೆ, ಸಂದಿನ ಗಾರೆ ಕಿತ್ತು ಬರುತ್ತದೆ. ಜೋಡಿ ಗಾಜಿನ ಕಿಟಕಿಯ ಅಂಚಿಗೆ ತಾಗಿತೋ, ಸೀಲ್ ಬಿಟ್ಟು ಎರಡು ಗಾಜಿನ ನಡುವೆ ಹಬೆ ಕಟ್ಟುತ್ತದೆ, ಅದನ್ನು ಯಾವ ಬಟ್ಟೆಯೂ ಒರೆಸುವುದಿಲ್ಲ. ಪಾಚಿಗೆ ಬೇಕಿರುವುದು ಒತ್ತಡ ಅಲ್ಲ, ಮದ್ದು. ತೆಳು ಮಾಡಿದ ಸೋಡಿಯಂ ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) ಸಿಂಪಡಿಸಿ, ಸ್ವಲ್ಪ ಹೊತ್ತು ಬಿಟ್ಟು, ಸಾದಾ ಪೈಪಿನಲ್ಲಿ ತೊಳೆಯುವುದು. ಗಿಡಗಳಿಗೆ ಮೊದಲೂ ಆಮೇಲೂ ನೀರು ಹಾಕಬೇಕು. ಗೋಡೆ ಮೊದಲು, ಗಾಜು ಆಮೇಲೆ.

ನೀವು ಇಲ್ಲಿ ಎಡವುತ್ತೀರೇನೋ ಅಂತ ನನಗೆ ಭಯ: ಕಲೆ ತೆಗೆಯುವ ಆಸಿಡ್ ಒಂದು ಕಡೆ, ಈ ಹೈಪೋಕ್ಲೋರೈಟ್ ಇನ್ನೊಂದು ಕಡೆ, ಎರಡೂ ಒಂದೇ ವ್ಯಾನಿನಲ್ಲಿ. ಕ್ಯಾನ್ ಸೋರಿ ಎರಡೂ ಬೆರೆತರೆ ಕ್ಲೋರಿನ್ ಅನಿಲ. ಕಿಟಕಿ ಮುಚ್ಚಿದ ವ್ಯಾನಿನಲ್ಲಿ ಹುಡುಗರು ಕೂತಿರುತ್ತಾರೆ. ಎರಡನ್ನೂ ಒಂದೇ ದಿನ ಒಯ್ಯಬೇಡಿ.

ಮತ್ತೊಬ್ಬ ಸದಸ್ಯರು

ನಾವು ಸೋಫಾ, ಕಾರ್ಪೆಟ್ ಎಲ್ಲ ಮಾಡುತ್ತೇವೆ, ಚೆನ್ನಾಗಿಯೇ ನಡೆಯುತ್ತಿದೆ. ಎಲ್ಲರನ್ನೂ ಹೆದರಿಸುವುದು ಯಾಕೆ?

ಉತ್ತರ

ನಿಮ್ಮಲ್ಲಿ ಅದಕ್ಕೆ ಅಂತಲೇ ಒಬ್ಬ ಆಳು, ಬೇರೆ ಮೆಷಿನ್ ಇರಬೇಕಲ್ಲ ಸರ್? ಹಾಗಿದ್ದರೆ ನಡೆಯುತ್ತದೆ. ಇವರಿಗೆ ಇಬ್ಬರೇ ಹುಡುಗರು. ಸೋಫಾ ಮಾಡಲು ಒಬ್ಬ ಹೋದರೆ ಇಲ್ಲಿ ಏಣಿ ಹಿಡಿಯುವವರು ಯಾರು? ಗಿರಾಕಿ ಅದೇ ಅನ್ನುವುದು ಬಿಟ್ಟರೆ ನೀರು, ಕೋಲು, ಕೈಚಳಕ ಯಾವುದೂ ಹೊಂದುವುದಿಲ್ಲ. ಸೋಫಾ ಕೇಳಿದವರಿಗೆ ಇವರು ನಿಮ್ಮಂಥವರ ನಂಬರ್ ಕೊಡಲಿ, ಗಾಜಿನ ಕೆಲಸ ಬಂದರೆ ನೀವು ಇವರಿಗೆ ಕಳಿಸಿ.

ಹೊಸ ಕಟ್ಟಡದ ಗಾಜು ಬಗ್ಗೆ ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಟೆಂಪರ್ಡ್ ಗಾಜಿನ (ಕುಲುಮೆಯಲ್ಲಿ ಕಾಯಿಸಿ ಗಟ್ಟಿ ಮಾಡಿದ ಗಾಜು) ಮೇಲೆ ಕೆಲವೊಮ್ಮೆ ಕುಲುಮೆಯಲ್ಲೇ ಕಣ್ಣಿಗೆ ಕಾಣದ ಗಾಜಿನ ಪುಡಿ ಅಂಟಿಕೊಂಡಿರುತ್ತದೆ. ಸಿಮೆಂಟ್ ಚುಕ್ಕೆ ತೆಗೆಯಲು ಬ್ಲೇಡ್ ಹಾಕಿದರೆ ಆ ಪುಡಿಯನ್ನೇ ಉದ್ದಕ್ಕೂ ಎಳೆದುಕೊಂಡು ಹೋಗಿ ಗೀರು ಬೀಳಿಸುತ್ತದೆ. ಬೆರಳಾಡಿಸಿದರೆ ಮರಳು ಕಾಗದದ ಹಾಗೆ ತರಿತರಿ ಅನ್ನುತ್ತದೆ. ಹಾಗಿದ್ದರೆ ಬರಹದಲ್ಲಿ ಒಪ್ಪಿಗೆ ಪಡೆಯದೆ ಬ್ಲೇಡ್ ಎತ್ತಬೇಡಿ. ಹಾಗೇ ಇನ್ಶೂರೆನ್ಸ್ ಪಾಲಿಸಿ ತೆಗೆದು ಓದಿ. ಅದರಲ್ಲಿ 'ಕಿಟಕಿ ಸ್ವಚ್ಛತೆ' ಅಂತಷ್ಟೇ ಇದ್ದರೆ ಛಾವಣಿ ಮೇಲೆ ಆದ ನಷ್ಟಕ್ಕೆ ಅವರು ಕೈ ಎತ್ತಬಹುದು. ಪ್ಯಾನೆಲ್ ಕೆಲಸ ಒಪ್ಪಿಕೊಳ್ಳುವ ಮೊದಲೇ ಅದನ್ನು ಸೇರಿಸಿಕೊಳ್ಳಿ.

ಪ್ರಶ್ನೆ ಕೇಳಿದವರು

ನಿನ್ನೆ ರಾತ್ರಿ ಎರಡು ತಿಂಗಳ ಡೈರಿ ತೆಗೆದು ಕೂತೆ ಸರ್. ಪೂರ್ತಿ ಖಾಲಿ ದಿನ ಐದೇ. ಆದರೆ ಒಂದೇ ರಸ್ತೆಯ ಮೂರು ಮನೆಗೆ ಮೂರು ಬೇರೆ ಬೇರೆ ವಾರ ಹೋಗಿದ್ದೇನೆ. ಮೂರು ಸಲ ಏಣಿ ಕಟ್ಟಿ, ಇಳಿಸಿ, ಅಷ್ಟು ದೂರ ವ್ಯಾನ್ ಓಡಿಸಿದ್ದೇನೆ. ಈಗ ನೋಡಿದರೆ ನಗು ಬರುತ್ತದೆ.

ಉತ್ತರ

ಪ್ಯಾನೆಲ್ ಬ್ರಷ್ ಮುಂದಿನ ತಿಂಗಳು ತಗೊಳ್ಳಿ. ಇವತ್ತು ಆ ಮೂರು ಮನೆಗೆ ಫೋನ್ ಮಾಡಿ, ಒಂದೇ ದಿನಕ್ಕೆ ಒಪ್ಪಿಸಿ. ಪ್ರೆಶರ್ ವಾಷರ್ ಅಡ್ವಾನ್ಸ್ ವಾಪಸ್ ಕೊಡುತ್ತಾರಾ ಅಂತಲೂ ಒಮ್ಮೆ ಕೇಳಿ ನೋಡಿ.