ಪದಚರ್ಚೆ: 'ಹಂಗಿಲ್ಲದ ಸಲಹೆ' ಎನ್ನಬಹುದೇ? (ಜೊತೆಗೆ ಸ್ಲೇಟಿನ ಮಾಡು, ನೋಟಗಾರ, ಜೀರ್ಣೋದ್ಧಾರ)

ಬಳಗದ ಎಲ್ಲರಿಗೂ ನಮಸ್ಕಾರ.

ವೇಲ್ಸಿನ ಕಾರ್ಡಿಫ್ ಸುತ್ತಮುತ್ತ ನೂರು ವರ್ಷ ದಾಟಿದ ಮನೆಗಳನ್ನು ಕೊಂಡಿರುವ ಕನ್ನಡ ಕುಟುಂಬಗಳು ಕೆಲವಿವೆ, ನಮ್ಮದೂ ಅದರಲ್ಲೊಂದು. ಅವರಿಗೆಂದು ನಾಲ್ಕು ಪುಟದ ಕರಪತ್ರವೊಂದನ್ನು ಬರೆಯುತ್ತಿದ್ದೇನೆ. ಹಳೆಯ ಸ್ಲೇಟಿನ ಮಾಡು, ಅಂದರೆ ತೆಳುವಾದ ಸ್ಲೇಟು ಕಲ್ಲು ಹೊದಿಸಿದ ಇಳಿಜಾರು ಛಾವಣಿ, ಸೋರಿದಾಗ ಮೊದಲು ಯಾರನ್ನು ಕೇಳಬೇಕು ಎನ್ನುವುದು ವಿಷಯ. ಕಲ್ಲು, ಮರ, ಸೀಸ ಇವಕ್ಕೆಲ್ಲ ಹೇಗೋ ಮಾತು ಸಿಕ್ಕಿತು. ಆದರೆ ಇಡೀ ಕರಪತ್ರ ಯಾವ ಪದದ ಮೇಲೆ ನಿಂತಿದೆಯೋ ಅದೇ ಸಿಗುತ್ತಿಲ್ಲ. ಇಲ್ಲಿನವರು 'ಇಂಡಿಪೆಂಡೆಂಟ್ ಅಡ್ವೈಸ್' ಎನ್ನುತ್ತಾರಲ್ಲ, ಅದು.

ಯಾವ ಅರ್ಥದಲ್ಲಿ ಕೇಳುತ್ತಿದ್ದೇನೆಂದು ತಿಳಿಯಲು ನಡೆದದ್ದನ್ನು ಹೇಳಬೇಕು. ಕಳೆದ ಚಳಿಗಾಲದ ಗಾಳಿಮಳೆಗೆ ನಮ್ಮ ಮಲಗುವ ಕೋಣೆಯ ಮೂಲೆಯಲ್ಲಿ ತಟ್ಟೆಯಗಲದ ಕಂದು ಕಲೆ ಮೂಡಿತು. ಮಾಡಿನ ಕೆಲಸದವರನ್ನು ಕರೆಸಿದೆವು. ಬಂದವರು ಏಣಿ ಹತ್ತಿ ಐದು ನಿಮಿಷಕ್ಕೆ ಇಳಿದರು. ಕಲ್ಲಿನ ಆಯುಸ್ಸು ಮುಗಿದಿದೆ, ಎರಡೂ ಇಳಿಜಾರು ಕಿತ್ತು ಹೊಸದಾಗಿ ಹೊದಿಸಬೇಕು, ಈ ವಾರವೇ ಒಪ್ಪಿದರೆ ಬೆಲೆಯಲ್ಲಿ ಸ್ವಲ್ಪ ಬಿಡುತ್ತೇವೆ ಅಂದರು. ಅವತ್ತು ರಾತ್ರಿ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ತೀರ್ಥಹಳ್ಳಿ ಕಡೆಯ ಹಂಚಿನ ಮನೆಯಲ್ಲಿ ಐವತ್ತು ಮಳೆಗಾಲ ಕಳೆದವಳು ಅವಳು. "ಅಲ್ಲ ಮಾರಾಯ್ತಿ, ಅವ್ನೇ ನೋಡಿ ಅವ್ನೇ ಹೊದ್ಸೋದಾದ್ರೆ, ಇರೋದು ಗಟ್ಟಿ ಇದೆ ಅಂತ ಯಾಕಾದ್ರೂ ಹೇಳ್ತಾನೆ? ನೋಡೋಕೆ ಬೇರೆಯವ್ರನ್ನ ಕರ್ಸು" ಅಂದಳು.

ಕರೆಸಿದೆವು. ಹಳೆಯ ಕಟ್ಟಡಗಳ ವಿಷಯದಲ್ಲೇ ತರಬೇತಿ ಪಡೆದ ಒಬ್ಬರು ಮೊದಲೇ ಗೊತ್ತುಮಾಡಿದ ಶುಲ್ಕಕ್ಕೆ ಬಂದರು. ಅಟ್ಟ ಹತ್ತಿ ದೀಪ ಆರಿಸಲು ಹೇಳಿ ಎರಡು ನಿಮಿಷ ಸುಮ್ಮನೆ ಕೂತರು, ನಾನೂ ಕೂತೆ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ಸಾಸಿವೆ ಕಾಳಿನಷ್ಟು ದೊಡ್ಡ ಬೆಳಕಿನ ಚುಕ್ಕಿಗಳು ಹಿಂದಿನ ಇಳಿಜಾರಿನಲ್ಲಿ ಒಂದೊಂದಾಗಿ ಕಂಡವು. ಅಲ್ಲಿ ರೀಪಿನ ಸಂದಿಯಲ್ಲಿ ಕೈಯಿಟ್ಟು ಒಂದು ಮೊಳೆಯನ್ನು ಮುಟ್ಟಿದರು. ಅದು ಅವರ ಬೆರಳಿಗೆ ಕೆಂಪು ಪುಡಿಯಾಗಿ ಬಂತು. ಆಮೇಲೆ ಗೆಣ್ಣಿನಿಂದ ಕಲ್ಲನ್ನು ತಟ್ಟಿದರು. ಸಂತೆಯಲ್ಲಿ ಮಡಕೆ ಕೊಳ್ಳುವಾಗ ತಟ್ಟಿ ನೋಡುತ್ತೇವಲ್ಲ, ಹಾಗೆಯೇ. ಠಣ್ ಎಂದಿತು. ಕಲ್ಲಿಗೆ ಏನೂ ಆಗಿಲ್ಲ, ಹಿಂದಿನ ಇಳಿಜಾರಿನ ಕಬ್ಬಿಣದ ಮೊಳೆಗಳು ಮಾತ್ರ ತುಕ್ಕು ತಿಂದಿವೆ ಅಂದರು. ಬೀದಿಗಿಳಿದು ದುರ್ಬೀನಿನಲ್ಲಿ ಚಿಮಣಿಯ ಬುಡ ತೋರಿಸಿದರು: ಸೀಸದ ತಗಡು ಗೋಡೆಗೆ ಸೇರುವಲ್ಲಿ ಗಾರೆ ಉದುರಿತ್ತು. ನಮ್ಮ ಕೋಣೆಗೆ ನೀರು ಇಳಿದದ್ದು ಅಲ್ಲಿಂದ. ವರದಿಯ ಕೊನೆಯಲ್ಲಿ, ತಾವು ದುರಸ್ತಿ ಕೆಲಸ ಮಾಡುವುದಿಲ್ಲ, ಮಾಡುವ ಯಾರಿಂದಲೂ ಹಣ ಪಡೆಯುವುದಿಲ್ಲ, ಕೆಲಸ ನಡೆದರೂ ನಡೆಯದಿದ್ದರೂ ಶುಲ್ಕ ಇಷ್ಟೇ ಎಂದು ಬರೆದಿದ್ದರು.

ನನಗೆ ಕನ್ನಡದಲ್ಲಿ ಒಂದೇ ಪದದಲ್ಲಿ ಬೇಕಿರುವುದು ಆ ಕೊನೆಯ ಸಾಲು.

'ಸ್ವತಂತ್ರ ತಜ್ಞ' ಎಂದು ಬರೆದು ನೋಡಿದೆ. ಓದಿದ ಗೆಳತಿ, ಸ್ವಂತ ಕಚೇರಿ ಇಟ್ಟುಕೊಂಡವರಾ ಎಂದು ಕೇಳಿದಳು. ಅವಳ ತಪ್ಪೇನಿಲ್ಲ. ಸ್ವತಂತ್ರ ಅಭ್ಯರ್ಥಿ, ಸ್ವತಂತ್ರ ಪತ್ರಕರ್ತ ಎನ್ನುವಾಗ ನಾವು ಹೇಳುವುದು ಒಂದು ಗುಂಪಿಗೆ ಸೇರದವರು ಎಂದು. ಹೊದಿಸುವವನೂ ಸ್ವಂತ ಉದ್ಯೋಗದವನಾದರೆ ಅವನೂ ಸ್ವತಂತ್ರನೇ. 'ನಿಷ್ಪಕ್ಷಪಾತ' ಇನ್ನಷ್ಟು ದೂರ ಹೋಗುತ್ತದೆ. ಅದಕ್ಕೆ ಎದುರುಬದುರು ಎರಡು ಪಕ್ಷ ಬೇಕು, ಮೇಲಾಗಿ ಅದು ಮನುಷ್ಯನ ಸ್ವಭಾವದ ಮಾತು. ಮಾಡಿನ ಕೆಲಸದವನು ಪ್ರಾಮಾಣಿಕನೂ ನಿಷ್ಪಕ್ಷಪಾತಿಯೂ ಆಗಿರಬಹುದು, ಆದರೂ ಅವನ ಮಾತಿನಿಂದಲೇ ಅವನಿಗೆ ಕೆಲಸ ಹುಟ್ಟುತ್ತದೆ. ನಾನು ಹುಡುಕುತ್ತಿರುವ ಪದ ಗುಣವನ್ನು ಹೇಳಬೇಕಿಲ್ಲ, ದುಡ್ಡಿನ ನಂಟು ಎಲ್ಲಿದೆ ಎಲ್ಲಿಲ್ಲ ಎಂಬುದನ್ನು ಹೇಳಬೇಕು. 'ತಟಸ್ಥ'ವನ್ನು ಕೈಬಿಟ್ಟೆ. ದಡದ ಮೇಲೆ ನಿಂತವರಿಂದ ನಮಗೆ ಉಪಯೋಗವಿಲ್ಲ, ಇವರು ಅಟ್ಟ ಹತ್ತಿ ಮೊಳೆ ಮುಟ್ಟಿ ನೋಡುವವರು.

ಕೊನೆಗೆ ಮನಸ್ಸು ನಿಂತದ್ದು 'ಹಂಗು' ಎಂಬ ಪದದಲ್ಲಿ. ಉಪಕಾರ ಪಡೆದವನ ಮೇಲೆ ಬೀಳುವ ಭಾರ ಅದು. ಯಾರ ಹಂಗಿನಲ್ಲೂ ಇಲ್ಲದವರು ಕೊಡುವ ಮಾತು ಹಂಗಿಲ್ಲದ ಸಲಹೆ. ಕೇಳಿದ ಕೂಡಲೇ ಅಮ್ಮನಿಗೆ ಅರ್ಥವಾಯಿತು. ಆದರೆ ನನಗೇ ಒಂದು ಅಳುಕಿದೆ. 'ಪ್ರಾಣದ ಹಂಗು ತೊರೆದು' ಎನ್ನುವಾಗ ಆ ಪದಕ್ಕೆ ಲೆಕ್ಕಿಸದೆ, ಪರಿವೆಯಿಲ್ಲದೆ ಎಂಬ ಅರ್ಥವೂ ಬರುತ್ತದೆ. 'ಹಂಗಿಲ್ಲದ ಸಲಹೆ' ಓದಿದವರಿಗೆ ಹೊಣೆಯಿಲ್ಲದ ಸಲಹೆ ಎಂದು ಅನಿಸೀತೇ? 'ಕೆಲಸದ ಹಂಗಿಲ್ಲದ ಸಲಹೆ' ಎಂದರೆ ಆ ಅಪಾಯ ತಪ್ಪಬಹುದೇನೋ. ನಿಮ್ಮ ಕಿವಿಗೆ ಹೇಗೆ ಕೇಳುತ್ತದೆ, ದಯವಿಟ್ಟು ಹೇಳಿ.

ಇನ್ನು ಆ ವ್ಯಕ್ತಿಯನ್ನು ಏನೆಂದು ಕರೆಯುವುದು? ಇಲ್ಲಿ ಅವರು ಸರ್ವೆಯರ್. ನಮ್ಮಲ್ಲಿ ಸರ್ವೆಯರ್ ಎಂದರೆ ಜಮೀನಿಗೆ ಸರಪಳಿ ಹಿಡಿದು ಬರುವವರು, ಹದ್ದುಬಸ್ತು ಮಾಡಿಕೊಡುವವರು. ಮಾಡು ಸೋರಿದರೆ ಸರ್ವೆಯರನ್ನು ಕರೆಸಿ ಎಂದು ಬರೆದರೆ ಊರಿಂದ ಬಂದ ಹಿರಿಯರು ತಬ್ಬಿಬ್ಬಾಗುತ್ತಾರೆ. ನಮ್ಮ ಹಳಬರ ಮಾತಿನಲ್ಲಿ ನಾಣ್ಯ ಸಾಚಾವೋ ಖೋಟಾವೋ ಎಂದು ಪರೀಕ್ಷಿಸುವವನಿಗೆ 'ನೋಟಗಾರ' ಎಂಬ ಹೆಸರಿತ್ತು. ನೋಡುವುದೇ ಅವನ ಕಸುಬು. ಅದನ್ನೇ ಎತ್ತಿಕೊಂಡು 'ಮಾಡಿನ ನೋಟಗಾರ' ಎಂದರೆ? ನನಗಂತೂ ಬಹಳ ಹಿಡಿಸಿದೆ. ಇಂದಿನ ಓದುಗರಿಗೆ ನೋಟಗಾರ ಎಂದರೆ ಬರೀ ಪ್ರೇಕ್ಷಕ ಎನಿಸಿಬಿಡುತ್ತದೆಯೇ ಎಂಬುದೊಂದೇ ಚಿಂತೆ.

ಕಲ್ಲಿನ ಹೆಸರಿಗೆ ಹೆಚ್ಚು ತಲೆ ಕೆಡಿಸಿಕೊಂಡಿಲ್ಲ. 'ಬಳಪದ ಕಲ್ಲು' ಆಗದು, ಅದು ಹೊಯ್ಸಳರ ಗುಡಿಗಳ ಕಲ್ಲು. 'ಚಪ್ಪಡಿ' ದಪ್ಪನೆಯದು, ಭಟ್ಕಳದ ಖೇತಪೈ ನಾರಾಯಣ ದೇವಸ್ಥಾನದ ಇಳಿಜಾರು ಮಾಡಿಗೆ ಹೊದಿಸಿದ್ದು ಚಪ್ಪಡಿ ಎಂದರೆ ಸರಿ, ಬೆರಳಿಗಿಂತ ತೆಳುವಾದ ವೇಲ್ಸಿನ ಕಲ್ಲಿಗೆ ಒಪ್ಪುವುದಿಲ್ಲ. 'ಪದರಗಲ್ಲು' ಎಂದು ಒಬ್ಬರು ಸೂಚಿಸಿದರು. ಆದರೆ ಸ್ಲೇಟು ಸೀಳುವುದು ಕೆಸರು ಕೂತ ಪದರಗಳ ಗುಂಟ ಅಲ್ಲ. ಭೂಮಿಯೊಳಗಿನ ಒತ್ತಡಕ್ಕೆ ಕಣಗಳು ಒಂದೇ ದಿಕ್ಕಿಗೆ ತಿರುಗಿ ಮಲಗಿದ ಮೇಲೆ ಹುಟ್ಟುವ ಸೀಳುಗೆರೆ ಅದು, ಹಳೆಯ ಪದರಗಳನ್ನು ಅಡ್ಡಹಾಯ್ದೂ ಹೋಗಬಹುದು. ಸ್ಲೇಟ್ ಎಂಬ ಇಂಗ್ಲಿಷ್ ಪದವೇ ಸೀಳಿಬಂದ ಚೂರು ಎಂಬ ಅರ್ಥದ ಹಳೆಯ ಫ್ರೆಂಚ್ ಮಾತಿನಿಂದ ಬಂದದ್ದು. ಹೊಸ ಪದ ಬೇಕೇ ಬೇಕೆಂದರೆ 'ಸೀಳುಗಲ್ಲು' ಎನ್ನಬಹುದು. ನಾನು ಸ್ಲೇಟು ಎಂದೇ ಬರೆಯುತ್ತೇನೆ. ಅದರ ಮೇಲೆ ಅ ಆ ತಿದ್ದಿದ ನಮಗೆ ಆ ಕಲ್ಲಿನ ಬಣ್ಣ, ತಂಪು, ಒಡೆಯುವ ಸದ್ದು ಎಲ್ಲ ಗೊತ್ತು. ಅಳತೆಗಳಿಗೆ ಇಲ್ಲಿ ರಾಣಿವಾಸದ ಹೆಸರುಗಳಿವೆ: 24 ಇಂಚಿಗೆ 12 ಇದ್ದರೆ ಡಚೆಸ್, 20ಕ್ಕೆ 10 ಕೌಂಟೆಸ್, 16ಕ್ಕೆ 8 ಲೇಡಿ. ನಮ್ಮ ಮಾಡಿನವು ಕೌಂಟೆಸ್. ಈ ಹೆಸರುಗಳನ್ನು ಹಾಗೆಯೇ ಉಳಿಸುತ್ತೇನೆ, ಹಳೆಯ ಕಲ್ಲನ್ನೇ ಹುಡುಕಿ ಕೊಳ್ಳುವಾಗ ಅಂಗಡಿಯಲ್ಲಿ ಹೇಳಬೇಕಾಗುತ್ತದೆ.

ಒಂದು ಎಚ್ಚರಿಕೆ. ಕಲ್ಲು ಗಟ್ಟಿಯಿದ್ದು ಮೊಳೆ ಮಾತ್ರ ತುಕ್ಕು ಹಿಡಿದ ಸ್ಥಿತಿಗೆ ಇಲ್ಲಿ 'ನೇಲ್ ಸಿಕ್ನೆಸ್' ಎನ್ನುತ್ತಾರೆ. ಅದನ್ನು ಅಕ್ಷರಕ್ಕೆ ಅಕ್ಷರ ತಿರುಗಿಸಿ ಮೊಳೆರೋಗ ಎಂದು ಬರೆಯಬೇಡಿ, ನಮ್ಮಲ್ಲಿ ಅದು ಮೂಲವ್ಯಾಧಿ. 'ಮೊಳೆ ಸೋತ ಮಾಡು' ಎಂದು ಬರೆದಿದ್ದೇನೆ. ಮಾಡು ಪೂರ್ತಿ ಹೋಯಿತು ಎಂದು ಹೆದರಿಸುವವರು ತೋರಿಸುವುದು ಬಹುಮಟ್ಟಿಗೆ ಈ ಸೋತ ಮೊಳೆಯನ್ನೇ. ಅಂಥ ಕಡೆ ಕಲ್ಲುಗಳನ್ನು ಇಳಿಸಿ, ತಟ್ಟಿ ಆರಿಸಿ, ತಾಮ್ರದ ಮೊಳೆ ಹೊಡೆದು ಮತ್ತೆ ಅದೇ ಮಾಡಿಗೆ ಏರಿಸಬಹುದು. ನಾಲ್ಕಾರು ಕಲ್ಲು ಜಾರಿದ್ದರೆ ಅಷ್ಟೂ ಬೇಡ, ಒಂದೊಂದಕ್ಕೂ ಸೀಸದ ಪಟ್ಟಿ ತೂರಿಸಿ ತುದಿಯನ್ನು ಕೊಕ್ಕೆಯಂತೆ ಮಡಚಿದರೆ ಸಾಕು.

ಈಗ ನನ್ನನ್ನು ಬಹಳ ದಿನ ಕಾಡಿದ ಇನ್ನೊಂದು ಪದ, 'ಜೀರ್ಣೋದ್ಧಾರ'. ಇವತ್ತು ಊರಿನ ಗುಡಿಯ ಜೀರ್ಣೋದ್ಧಾರ ಎಂದರೆ ಬಹಳ ಕಡೆ ಹಳೆಯದನ್ನು ಕೆಡವಿ, ಗ್ರಾನೈಟ್ ಹಾಸಿ, ಕಾಂಕ್ರೀಟ್ ಎಬ್ಬಿಸುವುದು ಎಂದಾಗಿದೆ. ಕರಪತ್ರದಲ್ಲಿ ಮಾಡಿನ ಜೀರ್ಣೋದ್ಧಾರ ಎಂದು ಬರೆದರೆ ಓದಿದವರು ಹೊಸ ಮಾಡಿಗೇ ದುಡ್ಡು ಹೊಂದಿಸಲು ಕೂರುತ್ತಾರೆ. ಆದರೆ ನಮ್ಮ ಶಾಸನಗಳಲ್ಲಿ ದತ್ತಿ ಬಿಡುವಾಗ ಬರುವ ಮಾತು 'ಖಂಡಸ್ಫುಟಿತ ಜೀರ್ಣೋದ್ಧಾರ'. ಖಂಡ ಅಂದರೆ ಮುರಿದದ್ದು, ಸ್ಫುಟಿತ ಅಂದರೆ ಬಿರುಕು ಬಿಟ್ಟದ್ದು. ಪೂಜೆ, ನೈವೇದ್ಯ, ಆಹಾರದಾನಗಳ ಸಾಲಿನಲ್ಲೇ ಅದನ್ನೂ ಸೇರಿಸಿ ಭೂಮಿ ಬಿಡುತ್ತಿದ್ದರು. ದಿನದ ದೀಪಕ್ಕೆ ಎಣ್ಣೆ ಹೇಗೋ ಹಾಗೆ ಮುರಿದ ಕಡೆ, ಬಿರುಕು ಬಿಟ್ಟ ಕಡೆ ಆಗಾಗ ಕೈಯಾಡಿಸುವುದಕ್ಕೂ ಖರ್ಚು ಎತ್ತಿಟ್ಟಿದ್ದರು ಎಂದು ನಾನು ಓದಿಕೊಳ್ಳುತ್ತೇನೆ. ಶಾಸನ ಬಲ್ಲವರು ತಿದ್ದಬೇಕು.

ಇಂಗ್ಲೆಂಡಿನಲ್ಲೂ ಇಂಥದೇ ಜಗಳ ನಡೆದಿದೆ. ಹಳೆಯ ಚರ್ಚುಗಳ ಗೋಡೆ ಕೆರೆದು 'ಮೊದಲಿನಂತೆ' ಮಾಡುವ ಹುಮ್ಮಸ್ಸಿಗೆ ಎದುರಾಗಿ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಮತ್ತು ಗೆಳೆಯರು 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಯ ಸಂಘವನ್ನು ಕಟ್ಟಿದರು. ಮತ್ತೆ ಕಟ್ಟಬೇಡಿ, ದಿನದ ಆರೈಕೆಯಿಂದ ಕೆಡದಂತೆ ನೋಡಿಕೊಳ್ಳಿ ಎಂಬುದು ಅವರ ವಾದದ ಸಾರ. ಆ ಸಂಘ ಇಂದಿಗೂ ಹಳೆಯ ಮನೆಯವರಿಗೆ ಫೋನಿನಲ್ಲಿ ತಾಂತ್ರಿಕ ಸಲಹೆ ಕೊಡುತ್ತದೆ. ವೇಲ್ಸಿನಲ್ಲಿ ಸರ್ಕಾರದ ಕಡೆಯಿಂದ ಐತಿಹಾಸಿಕ ಕಟ್ಟಡಗಳನ್ನು ನೋಡಿಕೊಳ್ಳುವ ಸಂಸ್ಥೆಯ ಹೆಸರು ವೆಲ್ಷ್ ಭಾಷೆಯ ಒಂದೇ ಪದ (Cadw), ಕಿವಿಗೆ ಹೆಚ್ಚುಕಡಿಮೆ 'ಕಾದು' ಎಂದೇ ಕೇಳುತ್ತದೆ. ಅರ್ಥ: ಇಟ್ಟುಕೊಳ್ಳು, ಕಾಪಾಡು. ಎರಡು ನುಡಿಗಳಿಗೂ ನಂಟಿಲ್ಲ, ಬರೀ ಕಾಕತಾಳೀಯ. ಆದರೂ ಮೊದಲ ಸಲ ಕೇಳಿದ ದಿನ ನಮ್ಮ 'ಕಾಯು', 'ಕಾಪು' ನೆನಪಾಗಿ ಮೈ ಜುಮ್ಮೆಂದಿತು. 'ಸಂರಕ್ಷಣೆ' ಎಂದರೆ ಕಾಡು, ವನ್ಯಮೃಗ, ವಸ್ತುಸಂಗ್ರಹಾಲಯ ಕಣ್ಣಮುಂದೆ ಬರುತ್ತವೆ. ಮನೆಯ ಮಾಡಿಗೆ 'ಉಳಿಸಿಕೊಳ್ಳುವುದು' ಎಂಬ ಸರಳ ಮಾತೇ ಸಾಕೆಂದು ತೋರುತ್ತದೆ. ಅದರಲ್ಲಿ ಯಾರದೋ ಪರಂಪರೆಯ ಬದಲು ನಮ್ಮ ತಲೆಯ ಮೇಲಿನ ನೆರಳಿನ ಮಾತಿದೆ.

ಹಾಗಾಗಿ ಶೀರ್ಷಿಕೆ ಸದ್ಯಕ್ಕೆ ಹೀಗಿದೆ: 'ಹಳೆಯ ಸ್ಲೇಟಿನ ಮಾಡು ಉಳಿಸಿಕೊಳ್ಳಲು ಕೆಲಸದ ಹಂಗಿಲ್ಲದ ಸಲಹೆ'. ಉದ್ದವಾಯಿತೇ?

ಮಲೆನಾಡು, ಕರಾವಳಿ, ಕೊಡಗಿನವರಲ್ಲಿ ಎರಡು ವಿಶೇಷ ಪ್ರಶ್ನೆ. ನಿಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವವರು ಬರುತ್ತಾರಲ್ಲ, ಅವರು ಹತ್ತುವ ಮೊದಲು ಮಾಡನ್ನು ಬರೀ ನೋಡಿ ಹೇಳಿ ಹೋಗುವ ಹಿರಿಯರು ಯಾರಾದರೂ ಇದ್ದರೇ, ಇದ್ದರೆ ಅವರನ್ನು ಏನೆಂದು ಕರೆಯುತ್ತಿದ್ದರು? ಇನ್ನೊಂದು: ಗಟ್ಟಿ ಹಂಚು ಠಣ್ ಎನ್ನುತ್ತದೆ, ಸರಿ. ಒಳಗೆ ಬಿರುಕು ಬಿಟ್ಟ ಹಂಚನ್ನು ತಟ್ಟಿದಾಗ ಬರುವ ಸತ್ತ ಸದ್ದಿಗೆ ನಿಮ್ಮಲ್ಲಿ ಏನನ್ನುತ್ತಾರೆ? ನಮ್ಮ ಮನೆಗೆ ಬಂದವರು ಅಂಥದೊಂದು ಸ್ಲೇಟನ್ನು ನನ್ನ ಕೈಗೆ ಕೊಟ್ಟು ತಟ್ಟಿಸಿದ್ದರು. ಆ ಸದ್ದು ನನಗೆ ಗೊತ್ತು, ಹೆಸರು ಗೊತ್ತಿಲ್ಲ. ಅಮ್ಮನನ್ನು ಕೇಳಿದರೆ, ತಟ್ಟಿ ತೋರಿಸಿದರೆ ಹೇಳುತ್ತೇನೆ ಅಂದಳು. ಮುಂದಿನ ಭಾನುವಾರ ಫೋನಿನ ಹತ್ತಿರ ಹಿಡಿದು ತಟ್ಟುವವಳಿದ್ದೇನೆ.